ಪು ದೆಚಾಂಗನ ಮುನ್ನೂರು ವರ್ಷದ ಉಪ್ಪುನೀರು

"ಮರ್ಯಾದಸ್ಥನಾದವನು ಈ ಊರಲ್ಲಿ ಬಾಳೋದಾದ್ರೂ ಹ್ಯಾಗೆ?"

ಬಾಯ್‌ಶೀ ರೇವಿನ ಮೆಟ್ಟಿಲ ಮೇಲೆ ನಿಂತು ಪು ದೆಚಾಂಗ್ ಗಟ್ಟಿಯಾಗಿ ಕೇಳಿದ. ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ತುವೋ ಹೊಳೆ, ಹೊಳೆಯ ಮೇಲೆ ಬೆಳಗಿನ ಮಂಜು, ಮಂಜಿನ ನಡುವೆ ಎರಡು ಬಾತುಕೋಳಿ. ಅವುಗಳಲ್ಲೊಂದು ತಲೆಯನ್ನು ನೀರಿಗೆ ಅದ್ದಿ ಬಾಲವನ್ನು ಅವನ ಕಡೆಗೆ ಎತ್ತಿತು. ಊರಿನ ಅಭಿಪ್ರಾಯವೇ ಹೀಗೆ ಬಾತುಕೋಳಿಯ ಮುಖಾಂತರ, ಅಲ್ಲ, ಬಾಲದ ಮುಖಾಂತರ ತನಗೆ ತಲುಪಿತೆಂದು ದೆಚಾಂಗ್ ತಿಳಿದ. ಅವನ ಮೈ ಇನ್ನಷ್ಟು ಉರಿಯಿತು.

ದೆಚಾಂಗ್ ದೋಣಿಕಟ್ಟೆಯ ಟಿಕೆಟ್ ಮಾಸ್ತರ. ಮೇಲ್ಗಡೆ ಕಾಂಕ್ರೀಟಿನ ಸೇತುವೆ ಬಂದಮೇಲೆ ದೋಣಿ ಹತ್ತುವವರು ಉಳಿದದ್ದು ಮೂರೇ ಬಗೆ: ಸೇತುವೆ ಕಂಡರೆ ಮುಷ್ಕರ ಹೂಡುವ ಹಂದಿಗಳು, ಆ ಹಂದಿಗಳ ಯಜಮಾನರು, ಮತ್ತು ಸ್ವತಃ ದೆಚಾಂಗ್. ಆ ಸೇತುವೆಯ ಮೇಲೆ ಸತ್ತರೂ ಕಾಲಿಡುವುದಿಲ್ಲವೆಂದು ಅವನು ಶಪಥ ಮಾಡಿದ್ದ. ಸೇತುವೆಗೆ ಇದರಿಂದ ಏನೂ ಆಗಿರಲಿಲ್ಲ. ಆದರೆ ಶಪಥ ಶಪಥವೇ. ಹೊಳೆಯಾಚೆ ಅಂಚೆ ಪೆಟ್ಟಿಗೆಗೆ ಕಾಗದ ಹಾಕಬೇಕಾದರೂ ಅವನು ಹಂದಿ ಬರುವವರೆಗೆ ಕಾಯುತ್ತಿದ್ದ.

ಈ ಹೊತ್ತಿನ ಸಿಟ್ಟಿಗೆ ಕಾರಣ ಸೇತುವೆಯಲ್ಲ, ಕ್ಷೌರಿಕ ಕುವಾಂಗ್.

ಹಿಂದಿನ ಸಂಜೆ ಚಹಾದಂಗಡಿಯಲ್ಲಿ ಬಿದಿರು ಕುರ್ಚಿಗಳೆಲ್ಲ ತುಂಬಿದ್ದವು. ಮಾತು ಉಪ್ಪಿನಕಾಯಿಗೆ ಬಂತು, ಅಂದರೆ ತರಕಾರಿ ಮುಳುಗಿಸಿ ಹುಳಿ ಬರಿಸುವ ಜಾಡಿಯ ಉಪ್ಪುನೀರಿಗೆ; ಅದು ಹಳೆಯದಾದಷ್ಟೂ ಮನೆಗೆ ಮಾನ. ಚಳಿಗಾಲದಲ್ಲಿ ಅಲ್ಲಿ ಮಾತು ಎಲ್ಲಿ ಹೊರಟರೂ ಕೊನೆಗೆ ಅಲ್ಲಿಗೇ ಬರುತ್ತದೆ. ಮುಚ್ಚಳದ ಬಟ್ಟಲಿಂದ ಒಂದು ಗುಟುಕು ಹೀರಿ ಕುವಾಂಗ್ ಹೇಳಿದ: "ಏನೇ ಹೇಳಿ, ನೀರು ಅಂದ್ರೆ ನಮ್ಮನೆ ಜಾಡಿ ನೀರು. ನಲವತ್ತು ವರ್ಷದ್ದು. ನಮ್ಮಮ್ಮ ಇಟ್ಟಿದ್ದು. ಮೂಲಂಗಿ ಹಾಕಿದ್ರೆ ಬೆಳಗಾಗೋದ್ರೊಳಗೆ ಕಟುಂ ಅನ್ನತ್ತೆ. ಪು ಅಣ್ಣನ ಮನೇದೂ ಇದೆ... ಪರವಾಗಿಲ್ಲ."

ಪರವಾಗಿಲ್ಲ! ದೆಚಾಂಗನಿಗೆ ಜನ ಏನೇನೋ ಅಂದಿದ್ದಾರೆ. ದೋಣಿ ತಡ ಎಂದಿದ್ದಾರೆ, ಚಿಲ್ಲರೆ ಕೊಡುವುದಿಲ್ಲ ಎಂದಿದ್ದಾರೆ, ಒಮ್ಮೆ ಒಬ್ಬಾಕೆ ಅವನನ್ನು ತನ್ನ ಹಂದಿಗೇ ಹೋಲಿಸಿ, ಹಂದಿಗೇ ಹೆಚ್ಚು ಅಂಕ ಕೊಟ್ಟಿದ್ದಾಳೆ. ಎಲ್ಲವನ್ನೂ ನುಂಗಿಕೊಂಡಿದ್ದ. ಆದರೆ ಮನೆಯ ಜಾಡಿಯನ್ನು ನಾಲ್ಕು ಜನರ ಮುಂದೆ "ಪರವಾಗಿಲ್ಲ" ಎನ್ನುವುದೆಂದರೆ!

"ಎಷ್ಟಂದೆ? ನಲವತ್ತಾ?" ಎಂದ ದೆಚಾಂಗ್, ಮಗುವಿನ ವಯಸ್ಸು ವಿಚಾರಿಸುವವನ ಹಾಗೆ. "ಪಾಪ, ಬೆಳೀಲಿ. ನಮ್ಮನೆ ನೀರಿಗೆ ಮುನ್ನೂರು ವರ್ಷ."

ಮೂಲೆಯಲ್ಲಿ ಗಿರಾಕಿಯೊಬ್ಬನ ಕಿವಿ ಗುಗ್ಗೆ ತೆಗೆಯುತ್ತಿದ್ದವನ ಕಡ್ಡಿ ಕಿವಿಯೊಳಗೇ ನಿಂತುಬಿಟ್ಟಿತು.

"ಮುನ್ನೂರಾ?"

"ಒಂದು ಕಮ್ಮಿ ಇಲ್ಲ. ಯುದ್ಧದಲ್ಲಿ ಸಿಚುವಾನ್ ಪೂರ್ತಿ ಬರಿದಾಗಿ ಹುಲಿಗಳು ಬೀದೀಲಿ ಓಡಾಡ್ತಿದ್ದಾಗ, ಚಕ್ರವರ್ತಿ ಪೂರ್ವದ ಕಡೆಯಿಂದ ಜನರನ್ನ ಕಳಿಸಿದ್ನಲ್ಲ? ಆಗ ಬಂದೋರು ನಮ್ಮ ಮೂಲಪುರುಷರು. ಬೇರೆಯೋರು ಹಾಸಿಗೆ ತಂದ್ರು, ಪಾತ್ರೆ ತಂದ್ರು. ನಮ್ಮೋರು ಜಾಡಿ ತಂದ್ರು."

ಕುವಾಂಗ್ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟ. ಇಡೀ ದಿನ ಕತ್ತಿ ಮಸೆಯುವವನ ತಾಳ್ಮೆ ಅವನದು. "ಅಲ್ಲಣ್ಣಾ, ಆಗ ಬಂದೋರನ್ನೆಲ್ಲ ಕೈ ಹಿಂದಕ್ಕೆ ಕಟ್ಟಿ, ಒಬ್ಬರ ಹಿಂದೆ ಒಬ್ಬರನ್ನ ಹಗ್ಗಕ್ಕೆ ಪೋಣಿಸಿ ಕರ್ಕೊಂಡು ಬಂದ್ರು ಅಂತಾರೆ. ನಾವು ಇವತ್ತಿಗೂ ಬೆನ್ನ ಹಿಂದೆ ಕೈ ಇಟ್ಕೊಂಡು ನಡೆಯೋದು ಅದಕ್ಕೇ ಅಂತೆ. ಕೈ ಕಟ್ಟಿದ್ಮೇಲೆ ನಿಮ್ಮ ಮೂಲಪುರುಷರು ಜಾಡಿ ಹ್ಯಾಗೆ ಹೊತ್ರು?"

"ತಲೆ ಮೇಲೆ."

"ಮಲಗಬೇಕಾದ್ರೆ?"

"ಮಲಗ್ತಿರಲಿಲ್ಲ."

"ಸರಿ. ಒಂದಕ್ಕೆ ಹೋಗಬೇಕಾದ್ರೆ?"

"ಕೈ ಬಿಚ್ಚಿಸ್ಕೋತಿದ್ರು."

"ಆಗ ಜಾಡಿ ಯಾರು ಹಿಡ್ಕೋತಿದ್ರು?"

ದೆಚಾಂಗ್ ಎದ್ದು ನಿಂತ. "ನಿಮ್ಮ ಮೂಲಪುರುಷ! ನಮ್ಮೋರು ಒಂದಕ್ಕೆ ಹೋದಾಗಲೆಲ್ಲ ಜಾಡಿ ಹಿಡ್ಕೊಂಡು ನಿಲ್ತಿದ್ದೋನು ನಿಮ್ಮ ಮೂಲಪುರುಷ!"

ಅಂಗಡಿಯೆಲ್ಲ ಹೋ ಎಂದು ನಕ್ಕಿತು. ಯಾರ ಕಡೆಗೆ ನಕ್ಕರೆಂಬುದು ಮಾತ್ರ ಸ್ಪಷ್ಟವಾಗಲಿಲ್ಲ. ದೆಚಾಂಗ್ ಬೆಳಗಿನ ಜಾವದವರೆಗೂ ಹೊರಳಾಡಿ ಯೋಚಿಸಿ, ನಕ್ಕದ್ದು ತನ್ನನ್ನೇ ನೋಡಿ ಎಂದು ತೀರ್ಮಾನಿಸಿ, ಹೊಳೆಯ ಹತ್ತಿರ ದೂರು ಹೇಳಲು ಬಂದಿದ್ದ.

ಅವನಿಗೆ ತಿಳಿಯದ ಸಂಗತಿಯೊಂದಿತ್ತು. ಆ ಸಂಜೆ ನಗದೆ ಇದ್ದವನೊಬ್ಬನಿದ್ದ. ಬಾಗಿಲ ಬಳಿ ತೊಗಲಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅಪರಿಚಿತ. ಅವನು ಜಿಲ್ಲೆಯ ಸಂಸ್ಕೃತಿ ಇಲಾಖೆಯ ಅಧಿಕಾರಿ ಮೌ. ಪಕ್ಕದ ಜಿಲ್ಲೆಯವರು ತಮ್ಮ ಹುರುಳಿ ಗೊಜ್ಜಿಗೆ ಇನ್ನೂರು ವರ್ಷದ ಇತಿಹಾಸವಿದೆಯೆಂದು ಹೆದ್ದಾರಿಯಲ್ಲಿ ಫಲಕ ಹಾಕಿಸಿದ್ದರು. ಅಂದಿನಿಂದ ಮೌ ಸಾಹೇಬರ ಮೇಲಧಿಕಾರಿಗಳಿಗೆ ಊಟ ಸೇರುತ್ತಿರಲಿಲ್ಲ. ಎಲ್ಲಿಂದಲಾದರೂ ಒಂದು ಇತಿಹಾಸ ಹುಡುಕಿ ತಾ, ಇನ್ನೂರಕ್ಕಿಂತ ದೊಡ್ಡದಿರಲಿ ಎಂದು ಅವನನ್ನು ಊರೂರಿಗೆ ಅಟ್ಟಿದ್ದರು.

ದೆಚಾಂಗ್ ಮನೆಗೆ ಬರುವ ಹೊತ್ತಿಗೆ ಮೌ ಅಡುಗೆಮನೆಯಲ್ಲಿ ಮೊಣಕಾಲೂರಿ ಜಾಡಿಯ ಹೊಟ್ಟೆಗೆ ಅಳತೆಪಟ್ಟಿ ಸುತ್ತುತ್ತಿದ್ದ.

ಒಲೆಯ ಪಕ್ಕದಲ್ಲಿ ದೆಚಾಂಗನ ಹೆಂಡತಿ ಜಿಂಗ್‌ಶೂ ನಿಂತಿದ್ದಳು. ಜಿಂಗ್‌ಶೂಗೆ ಮಾತು ಕಡಿಮೆ. ಆಕೆಯ ಮನಸ್ಸು ತಿಳಿಯಬೇಕಾದವರು ಬೆಳಗಿನ ಗಂಜಿಯ ಬಟ್ಟಲು ನೋಡಬೇಕು. ಪ್ರಸನ್ನಳಾಗಿದ್ದರೆ ಗಂಜಿಯ ಮೇಲೆ ಹುಳಿ ಅಲಸಂದೆ, ಕೆಂಪು ಮೆಣಸಿನಕಾಯಿ ಹಾಕಿ ಹುರಿದದ್ದು. ಸಾಧಾರಣ ದಿನಗಳಲ್ಲಿ ಮೂಲಂಗಿ. ಬೇಸರವಾಗಿದ್ದರೆ ಸಾಸಿವೆ ಸೊಪ್ಪಿನ ದಂಟು, ಅದೂ ಬುಡದ್ದು. ಬರಿ ಗಂಜಿ ಬಂದರೆ ಮಾತ್ರ ಗಂಡಸು ಜಾಗ್ರತೆಯಾಗಿರಬೇಕು. ಮದುವೆಯಾದಂದಿನಿಂದ ಅದು ಬಂದದ್ದು ಒಂದೇ ಸಲ, ದೆಚಾಂಗ್ ತನ್ನ ತಂಗಿಯ ಅಡುಗೆಯನ್ನು ಹೊಗಳಿದಾಗ.

"ಅದ್ಭುತ!" ಎಂದ ಮೌ, ಒಂದು ತುಂಡು ಮೂಲಂಗಿ ಅಗಿಯುತ್ತ. "ಹುಳಿಯ ಹಿಂದೆ ಒಂದು ಗಾಂಭೀರ್ಯ ಇದೆ. ಮುನ್ನೂರು ವರ್ಷಕ್ಕೆ ಮುಂಚೆ ಇದು ಬರೋದಿಲ್ಲ."

ದೆಚಾಂಗ್ ತೆರೆದ ಬಾಯಿ ಮುಚ್ಚುವ ಮೊದಲೇ ಮಗಳು ಹಾನ್‌ಮೇ ಒಳಗೆ ಬಂದಳು. ಒಲೆಯ ದೇವರು ವರ್ಷದ ಕೊನೆಗೆ ಸ್ವರ್ಗಕ್ಕೆ ಹೋಗುವ ಮುಂಚೆಯೇ ನಡೆಯುವಂತೆ ಅವಳ ಮದುವೆ ಗೊತ್ತಾಗಿತ್ತು. ಹೊಳೆಯಾಚೆಯ ಭಾವೀ ಅತ್ತೆ ಹೊಸ ಜಾಡಿಯೊಂದನ್ನು ತೊಳೆದು ಬಿಸಿಲಿಗಿಟ್ಟು ಕಾಯುತ್ತಿದ್ದಳು. ತೌರಿನ ಹಳೆ ನೀರು ತುಂಬಿದ ಬಟ್ಟಲು ಕೈಯಲ್ಲಿ ಹಿಡಿದೇ ಹೆಣ್ಣು ಗಂಡನ ಮನೆಯ ಹೊಸಲು ದಾಟಬೇಕು. ಬರಿಗೈಲಿ ಹೋದವಳು ಅತ್ತೆಯ ಜಾಡಿಗೇ ಕೈ ಹಾಕಬೇಕು. ಹಾಕಿದಾಗಲೆಲ್ಲ ಮುಚ್ಚಳದ ಸದ್ದಿನ ಜತೆಗೆ ಅತ್ತೆಯ ಬಾಯಿಯ ಸದ್ದೂ ಕೇಳಬೇಕು, ಮುದುಕಿಯಾಗುವವರೆಗೂ. ಈ ಅತ್ತೆಯಂತೂ ಮೂಲಂಗಿಯನ್ನು ಎಣಿಸಿ ಹಾಕಿ ಎಣಿಸಿ ತೆಗೆಯುವವಳೆಂದು ಎರಡೂ ದಡಕ್ಕೆ ಗೊತ್ತಿತ್ತು.

"ಏನು ಮುನ್ನೂರು?" ಎಂದಳು ಹಾನ್‌ಮೇ. "ಈ ಜಾಡಿ ಅಮ್ಮ ಮದುವೇಲಿ ತಂದಿದ್ದಲ್ವಾ? ಸಹಕಾರಿ ಅಂಗಡೀದು."

"ಜಾಡಿ ತಂದಿರಬಹುದು. ನೀರು ಮುಖ್ಯ," ಎಂದ ದೆಚಾಂಗ್.

"ನೀರೂ ಅಜ್ಜಿ ಕೊಟ್ಟಿದ್ದು!"

"ನಿಮ್ಮಜ್ಜೀಗೆ ಎಲ್ಲಿಂದ ಬಂತು? ಹಿಂದೆ ಯಾವತ್ತೋ ನಮ್ಮೋರೇ ಕೊಟ್ಟಿರ್ತಾರೆ. ವಾಪಸ್ ಬಂದಿದೆ, ಅಷ್ಟೆ. ದೊಡ್ಡೋರು ಮಾತಾಡ್ವಾಗ ನಡುವೆ ಬಾಯಿ ಹಾಕ್ಬೇಡ."

ಒಲೆಯ ಮೇಲ್ಗಡೆ ಗೋಡೆಗಂಟಿಸಿದ ಚಿತ್ರದೊಳಗಿಂದ ಒಲೆಯ ದೇವರು ದೆಚಾಂಗನನ್ನೇ ನೋಡುತ್ತಿದ್ದ. ಈ ಅಡುಗೆಮನೆಯಲ್ಲಿ ಆಡಿದ ಮಾತನ್ನೆಲ್ಲ ವರ್ಷದ ಕೊನೆಗೆ ಸ್ವರ್ಗದಲ್ಲಿ ಒಪ್ಪಿಸುವವನು ಅವನು. ಈ ಸಲ ದೇವರ ಬಾಯಿ ಅಂಟಿಕೊಳ್ಳಲೆಂದು ಸವರುವ ಬೆಲ್ಲದ ಪಾಕವನ್ನು ಇನ್ನೊಂದು ಸುತ್ತು ಗಟ್ಟಿ ಮಾಡಿಸಬೇಕೆಂದು ದೆಚಾಂಗ್ ಅಲ್ಲೇ ನಿಶ್ಚಯಿಸಿದ.

ಮೌ ಚೀಲದಿಂದ ಕೆಂಪು ಬಟ್ಟೆಯ ಪಟ್ಟಿ, ಅಂಟು, ಮೊಹರು ತೆಗೆದ. ಜಾಡಿಯ ಕಂಠದ ಸುತ್ತ ನೀರು ನಿಲ್ಲಲು ಒಂದು ಸಣ್ಣ ಕಾಲುವೆ ಇರುತ್ತದಲ್ಲ, ಮುಚ್ಚಳದ ಅಂಚು ಕೂರುವುದು ಆ ನೀರಿನಲ್ಲೇ. ಒಳಗಿನ ಉಸಿರು ಗುಳುಂ ಎಂದು ಹೊರಗೆ ಬರಬೇಕು, ಹೊರಗಿನ ಗಾಳಿ ಒಳಗೆ ಹೋಗಬಾರದು. ಆ ಕಾಲುವೆಯನ್ನೇ ಪಟ್ಟಿಯಿಂದ ಬಿಗಿದು ಸುತ್ತಿ ಮೌ ಮೇಲೊಂದು ಮೊಹರು ಒತ್ತಿದ.

"ರಾಜಧಾನಿಯಿಂದ ತಜ್ಞರು ಬರೋವರೆಗೆ ಯಾರೂ ಮುಟ್ಟೋ ಹಾಗಿಲ್ಲ. ಇವತ್ತಿಂದ ಇದು ಜಿಲ್ಲೆಯ ಪರಂಪರೆ."

ಜಿಂಗ್‌ಶೂ ನೀರಿನ ಹೂಜಿ ಎತ್ತಿ ಕಾಲುವೆಯ ಕಡೆಗೆ ತೋರಿಸಿದಳು. ದಿನಾ ಬೆಳಿಗ್ಗೆ ನೀರು ಹೊಯ್ಯದಿದ್ದರೆ ಕಾಲುವೆ ಒಣಗುತ್ತದೆ, ಒಣಗಿದರೆ ಜಾಡಿ ಸಾಯುತ್ತದೆ. ಊರಿನ ಮಕ್ಕಳಿಗೂ ಗೊತ್ತಿರುವ ಮಾತು.

"ಮುನ್ನೂರು ವರ್ಷ ಬದುಕಿದ್ದು ಒಂದು ತಿಂಗಳು ಬದುಕೋಲ್ವೇ ತಾಯಿ?" ಎಂದು ಮೌ ನಕ್ಕ.

ಮರುದಿನ ಬೆಳಿಗ್ಗೆ ದೆಚಾಂಗನ ಮುಂದೆ ಬರಿ ಗಂಜಿ ಬಂತು.

ಆದರೆ ಬಟ್ಟಲು ನೋಡಿ ಹೆದರಲು ಅವನಿಗೆ ಪುರುಸೊತ್ತೆಲ್ಲಿ? ಬೀದಿಗೆ ಬೀದಿಯೇ ಬಾಗಿಲಿಗೆ ಬಂದಿತ್ತು. ಮುದುಕಿಯರು ಜಾಡಿಯ ಮುಂದೆ ಊದುಕಡ್ಡಿ ಹಚ್ಚಿದರು. ಮಕ್ಕಳಿಲ್ಲದ ಸೊಸೆಯೊಬ್ಬಳನ್ನು ಅದರ ಹೊಟ್ಟೆ ಮುಟ್ಟಿಸಿ ಕರೆದುಕೊಂಡು ಹೋದರು. ಹಂದಿ ಸಾಕುವವನು ಹಂದಿಯನ್ನೇ ಕರೆತಂದು ತೋರಿಸಿದ. ಅಲ್ಲಿಯವರೆಗೂ ದೆಚಾಂಗ್ ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಮೂಲಪುರುಷನ ಗತ್ತಿನಲ್ಲಿ ಮೆಲ್ಲಗೆ ಅಡ್ಡಾಡುತ್ತ ಎಲ್ಲವನ್ನೂ ಸ್ವೀಕರಿಸುತ್ತಿದ್ದ.

ಆಗ ಎದುರುಮನೆಯ ಇದ್ದಿಲು ಮಾರುವವಳು ಒಂದು ಮಾತು ಅಂದಳು: "ಹಾಗಾದ್ರೆ ನಮ್ಮನೇದೂ ಮುನ್ನೂರು ವರ್ಷದ್ದೇ ಆಯ್ತಲ್ಲ! ನಮ್ಮ ಜಾಡೀಲಿ ಬೂಷ್ಟಿನ ಬಿಳಿ ಹೂ ಎದ್ದು ಕೆಟ್ಟಾಗ ಜಿಂಗ್‌ಶೂ ಅಕ್ಕ ತಾನೇ ಒಂದು ಬಟ್ಟಲು ಕೊಟ್ಟಿದ್ದು?"

"ನಮಗೂ ಕೊಟ್ಟಿದ್ರು!" ಎಂದ ತೋಫು ಅಂಗಡಿಯವನು.

"ನಮಗೂ!"

"ನಮಗೆ ಎರಡು ಸಲ!"

ನೋಡುನೋಡುತ್ತಿದ್ದಂತೆ ಬೀದಿಯ ಜಾಡಿಗಳಿಗೆಲ್ಲ ಮುನ್ನೂರು ತುಂಬಿತು. ತೋಫುವಿನವನು ಸಂಜೆಯೊಳಗೆ ತನ್ನ ಅಂಗಡಿಯ ಮುಂದೆ ಹಲಗೆ ನೇತುಹಾಕುವೆನೆಂದ. ದೆಚಾಂಗನ ಮುಖ ಕೆಂಪಾಯಿತು. ಮೂಲಪುರುಷ ಹುಲಿಗಳ ನಡುವೆ ಹೊತ್ತು ತಂದ ಕೀರ್ತಿಯನ್ನು ಇದ್ದಿಲಿನವಳಿಗೂ ತೋಫುವಿನವನಿಗೂ ಹಂಚುವುದೆ? ಅವನು ಬೀದಿಯ ನಡುವೆ ನಿಂತು ಕೂಗಿದ:

"ಕಿವಿಗೊಟ್ಟು ಕೇಳಿ ಎಲ್ರೂ! ನಿಮ್ಮ ಯಾರ ಜಾಡೀಲೂ ನಮ್ಮನೆ ನೀರಿಲ್ಲ! ಒಂದು ತೊಟ್ಟೂ ಇಲ್ಲ! ಇದೆ ಅಂದೋನ ಬಾಯಲ್ಲಿ ಹುಳ ಬೀಳಲಿ!"

ಬೀದಿ ತಣ್ಣಗಾಯಿತು. ಹೆಂಗಸರು ಊದುಕಡ್ಡಿ ಆರಿಸಿ ಉಳಿದರ್ಧವನ್ನು ಮನೆಗೆ ಒಯ್ದರು. ಕ್ಷೌರದಂಗಡಿಯ ಬಾಗಿಲಲ್ಲಿ ಕುವಾಂಗ್ ಒಬ್ಬನ ಅರ್ಧ ಗಡ್ಡ ಬೋಳಿಸಿ ನಿಂತು ಇದನ್ನೆಲ್ಲ ಕೇಳಿದ. "ಒಂದು ತೊಟ್ಟೂ ಇಲ್ಲ. ಸರಿ ಅಣ್ಣಾ," ಎಂದ. "ಈ ಮಾತು ನೆನಪಿರ್ಲಿ." ಆಮೇಲೆ ಉಳಿದರ್ಧ ಬೋಳಿಸಲು ಒಳಗೆ ಹೋದ.

ದಿನಗಳು ಕಳೆದವು. ಗಂಜಿ ಬರಿದಾಗಿಯೇ ಬಂತು. ನಿಂತುಹೋದದ್ದು ಇನ್ನೊಂದು: ಜಾಡಿಯ ಸದ್ದು. ಜೀವವಿರುವ ಜಾಡಿ ಹಗಲಿಗೊಮ್ಮೆ ಇರುಳಿಗೊಮ್ಮೆ ಗುಳುಂ ಎನ್ನುತ್ತದೆ. ಜಿಂಗ್‌ಶೂ ಒಲೆ ಹಚ್ಚುವ ಮುನ್ನ ಅದಕ್ಕೆ ಕಿವಿಗೊಟ್ಟು ನಿಲ್ಲುತ್ತಿದ್ದಳು. ಒಂದು ಬೆಳಿಗ್ಗೆ ಬಹಳ ಹೊತ್ತು ನಿಂತಳು. ಆಮೇಲೆ ಗಂಡನ ಕಡೆ ತಿರುಗಿ ನೋಡಿದಳು. ಆ ನೋಟ ತಡೆಯಲಾರದೆ ದೆಚಾಂಗ್ ಹೊಳೆಗೆ ಹೋಗಿ ಹಂದಿಗಳಿಗೆ ಟಿಕೆಟ್ ಕೊಟ್ಟ.

"ಅಪ್ಪಾ, ಆ ಪಟ್ಟಿ ಕಿತ್ತು ಹಾಕು. ನನ್ನ ನೀರು ತೆಗೆದಿಟ್ಕೋತೀನಿ," ಎಂದಳು ಹಾನ್‌ಮೇ ರಾತ್ರಿ ಊಟದ ಹೊತ್ತಿಗೆ.

"ಸರ್ಕಾರದ ಮೊಹರು ಕಣೇ ಅದು!"

"ನನ್ನತ್ತೆ ಬಾಯಿಗೂ ಒಂದು ಮೊಹರು ಹಾಕಿಸಿಕೊಡ್ತೀಯಾ ಹಾಗಾದ್ರೆ?"

ದೆಚಾಂಗನಿಗೆ ಎಲ್ಲಿಲ್ಲದ ಕೋಪ ಬಂತು. ತನ್ನ ಮನೆಯಲ್ಲೇ ತನ್ನ ಮೂಲಪುರುಷನಿಗೆ ಬೆಲೆಯಿಲ್ಲ! ಆದರೆ ಪಟ್ಟಿ ಕೀಳಲು ಧೈರ್ಯ ಬರಲಿಲ್ಲವಾದ್ದರಿಂದ ಆ ಕೋಪವನ್ನು ಅವನು ಸೇತುವೆಯ ಮೇಲೆ ತೀರಿಸಿಕೊಂಡ, ಕಿಟಕಿಯಿಂದ ಅದನ್ನು ದುರುಗುಟ್ಟಿ ನೋಡಿ.

ಮೌ ಮತ್ತೆ ಬಂದ. ಈ ಸಲ ಕೈಯಲ್ಲಿ ಹಗ್ಗವಿತ್ತು.

"ತಜ್ಞರು ಬರ್ತಿದಾರೆ. ಮೇಲಿನೋರೂ ಬರ್ತಾರೆ. ಡೋಲು, ತಾಳ, ಸಿಂಹ ಕುಣಿತ ಎಲ್ಲ ಗೊತ್ತಾಗಿದೆ. ನಡುವೆ ನೀವು. ಮೂಲಪುರುಷರ ಹಾಗೇ, ಕೈ ಹಿಂದಕ್ಕೆ ಕಟ್ಟಿಸ್ಕೊಂಡು, ತಲೆ ಮೇಲೆ ಜಾಡಿ ಹೊತ್ಕೊಂಡು ನಡೀಬೇಕು."

"ಎಲ್ಲಿಂದ ಎಲ್ಲಿಗೆ?"

"ಸೇತುವೆ ಮೇಲೆ. ಆ ದಡದಿಂದ ಈ ದಡಕ್ಕೆ."

"ಸೇತುವೆ ಮೇಲೆ ನಾನು ಕಾಲಿಡೋಲ್ಲ!" ಎಂದು ದೆಚಾಂಗ್ ಗುಡುಗಿದ. "ಮೂಲಪುರುಷರೇನು ಸೇತುವೆ ಮೇಲೆ ಬಂದ್ರಾ? ದೋಣೀಲಿ ಬಂದ್ರು! ಟಿಕೆಟ್ ತಗೊಂಡು!"

"ದೋಣೀಲಿ ಮೇಲಿನೋರಿಗೆ ಕೂರೋಕೆ ಜಾಗ ಸಾಲೋಲ್ಲ. ಸರಿ ಬಿಡಿ. ಮೂಲಪುರುಷರ ಪಾತ್ರಕ್ಕೆ ಬೇರೆ ಯಾರನ್ನಾದ್ರೂ ನೋಡ್ತೀವಿ. ಆ ಕ್ಷೌರದೋರು ಎತ್ತರವಾಗಿದಾರೆ, ಕತ್ತೂ ಗಟ್ಟಿ..."

ದೆಚಾಂಗ್ ಶಪಥ ಮುರಿದದ್ದು ಹೀಗೆ.

ಆ ದಿನ ಆಚೆ ದಡದಲ್ಲಿ ಅವನಿಗೆ ಹಳೆಗಾಲದ ಚಿಂದಿ ನಿಲುವಂಗಿ ತೊಡಿಸಿ, ಕೈಯನ್ನು ಬೆನ್ನ ಹಿಂದೆ ಕಟ್ಟಿ, ತಲೆಯ ಮೇಲೆ ಸಿಂಬೆಯಿಟ್ಟು ಜಾಡಿಯನ್ನು ಕೂರಿಸಿದರು. ಹಳೆಯ ಕಾವ್ಯಗಳಲ್ಲಿ ವೀರರು ರಥವೇರಿ ಹೊರಟಾಗ ದಿಕ್ಕುಗಳು ನಡುಗಿದವೆಂದು ಹೇಳುತ್ತಾರೆ. ಇಲ್ಲಿ ನಡುಗಿದ್ದು ದೆಚಾಂಗನ ಮಂಡಿಗಳು. ಆದರೂ ಡೋಲಿನ ಸದ್ದಿಗೆ ಸರಿಯಾಗಿ ಅವನು ಹೆಜ್ಜೆ ಹಾಕಿದ. ಹಿಂದೆ ಸಿಂಹ ಕುಣಿಯಿತು. ಎರಡು ಬದಿಯ ಕಂಬಿಗೂ ಊರು ಜೋತುಬಿದ್ದಿತ್ತು. ಎದುರು ತುದಿಯಲ್ಲಿ, ರಾಜಧಾನಿಯ ತಜ್ಞರು ಕನ್ನಡಕ ಒರೆಸುತ್ತ ಕುರ್ಚಿಯಲ್ಲಿ ಕೂತಿದ್ದರು.

ನಡುಸೇತುವೆಗೆ ಬರುವವರೆಗೆ ಎಲ್ಲ ಸರಿಯಿತ್ತು. ಅಲ್ಲಿ ಮೌ ಸಾಹೇಬರ ಅಂಟು ಸೋತಿತು.

ಮೊದಲು ಒಂದು ಹನಿ ದೆಚಾಂಗನ ಹುಬ್ಬಿನ ಮೇಲೆ ಬಿತ್ತು. ಬೆವರೆಂದುಕೊಂಡ. ಎರಡನೆಯದು ಮೂಗಿನ ಪಕ್ಕ ಇಳಿಯಿತು. ಅದರ ವಾಸನೆ ಬಂದ ಮೇಲೆ ಬೆವರಲ್ಲವೆಂದು ತಿಳಿಯಿತು; ಬೆವರಿಗೆ ಇಷ್ಟು ಅಧಿಕಾರ ಇರುವುದಿಲ್ಲ. ಸತ್ತ ಜಾಡಿಯ ನೀರು, ಬಿಳಿ ಹೂವಿನ ಲೋಳೆಯ ಸಮೇತ, ಅವನ ಹಣೆಯಿಂದ ಗಲ್ಲಕ್ಕೆ, ಗಲ್ಲದಿಂದ ಕಾಲರಿನೊಳಕ್ಕೆ ಇಳಿಯತೊಡಗಿತು. ಒರೆಸಿಕೊಳ್ಳೋಣವೆಂದರೆ ಕೈ ಬೆನ್ನ ಹಿಂದೆ.

"ಬಿಚ್ರೋ!" ಎಂದು ಅವನು ಕೂಗಿದ. "ಕೈ ಬಿಚ್ರೋ!"

ತಾಳದವನು ಇದು ಪಾತ್ರದ ಮಾತೆಂದು ತಿಳಿದು ಇನ್ನೂ ಜೋರಾಗಿ ಬಾರಿಸಿದ. ಜನ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಗಾಳಿ ತಿರುಗಿತು. ಚಪ್ಪಾಳೆ ನಿಂತು, ಆ ಕೈಗಳೆಲ್ಲ ಮೂಗಿಗೆ ಹೋದವು. ಸಿಂಹದ ಹಿಂಗಾಲಿನವನು ಸಿಂಹವನ್ನು ಬಿಟ್ಟು ಓಡಿದ. ಮುಂಗಾಲಿನವನು ಒಂದಿಷ್ಟು ದೂರ ಅರ್ಧ ಸಿಂಹವಾಗಿ ಕುಣಿದು, ಹಿಂತಿರುಗಿ ನೋಡಿ, ತಾನೂ ಓಡಿದ.

"ಯಾರಾದ್ರೂ ಜಾಡಿ ಹಿಡ್ಕೊಳ್ರೋ!"

ಆ ಮಾತು ಕೇಳಿ ಕಂಬಿಯ ಬಳಿಯಿಂದ ಮುಂದೆ ಬಂದವನು ಒಬ್ಬನೇ. ಮೂಗಿಗೆ ಅಂಗಡಿಯ ಟವಲು ಕಟ್ಟಿಕೊಂಡು ಕುವಾಂಗ್ ಎರಡು ಕೈಯಲ್ಲೂ ಜಾಡಿ ಎತ್ತಿ ಕೆಳಗಿಳಿಸಿದ.

ತಜ್ಞರು ಹತ್ತಿರ ಬಂದರು. ಬಗ್ಗಿದರು. ಮೂಸಿದರು. ಅವರ ಕಣ್ಣಲ್ಲಿ ನೀರು ಬಂತು. "ಇದು!" ಎಂದರು ನಡುಗುವ ದನಿಯಲ್ಲಿ. "ಮುನ್ನೂರು ವರ್ಷ ಅಂದ್ರೆ ಹೀಗೇ ವಾಸನೆ ಬರಬೇಕು. ನನಗಿನ್ನು ಸಂಶಯವಿಲ್ಲ." ಮೇಲಿನವರು ದೂರದಿಂದಲೇ ಒಪ್ಪಿಕೊಂಡರು. ಜಾಡಿಯನ್ನು ಗಾಜಿನ ಪೆಟ್ಟಿಗೆಯಲ್ಲಿಡಲು ಅಲ್ಲಿಂದಲೇ ಜಿಲ್ಲಾ ಕೇಂದ್ರಕ್ಕೆ ಸಾಗಿಸಿದರು. ಅದು ಹೆಂಡತಿಯ ಜಾಡಿ, ವಾಪಸ್ ಕೊಡಿ ಎಂದು ದೆಚಾಂಗ್ ಲಾರಿಯ ಹಿಂದೆ ಓಡಿದ. ಕೈ ಇನ್ನೂ ಕಟ್ಟಿಯೇ ಇತ್ತು. ಆದ್ದರಿಂದ ದೂರ ಓಡಲಾಗಲಿಲ್ಲ.

ಮನೆಯಲ್ಲಿ ಜಿಂಗ್‌ಶೂ ಅವನ ಕೈಯ ಹಗ್ಗ ಬಿಚ್ಚಿ ಅಂಗಳಕ್ಕೆ ಬಿಸಿನೀರು ತಂದಿಟ್ಟಳು. ಒಳಗೆ ಬಿಡಲಿಲ್ಲ. ಹಾನ್‌ಮೇ ಬಾಗಿಲಲ್ಲಿ ನಿಂತಿದ್ದಳು. ಅವಳು ಬೈಯುತ್ತಾಳೆಂದು ದೆಚಾಂಗ್ ಉತ್ತರ ಸಿದ್ಧಮಾಡಿಕೊಂಡಿದ್ದ. ಅವಳು ಬೈಯಲಿಲ್ಲ. "ಖಾಲಿ ಬಟ್ಟಲು ಹಿಡ್ಕೊಂಡೇ ಹೋಗ್ತೀನಿ ಬಿಡಪ್ಪಾ," ಎಂದಳು ಸಣ್ಣ ದನಿಯಲ್ಲಿ. ಅಷ್ಟು ಹೇಳಿ ಒಳಗೆ ಹೋಗಿ, ಕೆಂಪು ಬಟ್ಟೆಯಲ್ಲಿ ಕಟ್ಟಿಡಲೆಂದು ಆ ಖಾಲಿ ಬಟ್ಟಲನ್ನೇ ತಿಕ್ಕತೊಡಗಿದಳು. ಆ ತಿಕ್ಕುವ ಸದ್ದು ಅಂಗಳದವರೆಗೂ ಕೇಳುತ್ತಿತ್ತು.

ದೆಚಾಂಗ್ ತಲೆ ಸರಿಯಾಗಿ ಒರೆಸಿಕೊಳ್ಳದೆ ಎದ್ದ. ಮಗಳ ಕೈಯಿಂದ ಬಟ್ಟಲು ತೆಗೆದುಕೊಂಡು ಬೀದಿಗಿಳಿದ.

ಇದ್ದಿಲಿನವಳ ಬಾಗಿಲು: "ನೀರಾ? ನಮ್ಮ ಜಾಡೀಲಿ ನಿಮ್ಮನೆ ನೀರು ಒಂದು ತೊಟ್ಟೂ ಇಲ್ವಲ್ಲ ಅಣ್ಣಾ! ನೀವೇ ಹೇಳಿದ್ರಿ."

ತೋಫುವಿನವನ ಬಾಗಿಲು: "ಇದೆ ಅಂದ್ರೆ ನನ್ನ ಬಾಯಲ್ಲಿ ಹುಳ ಬೀಳತ್ತೆ. ಹಲ್ಲೇ ನಾಲ್ಕಿವೆ, ಹುಳಕ್ಕೆ ಎಲ್ಲಿ ಜಾಗ ಕೊಡ್ಲಿ?"

ಎರಡು ಸಲ ಪಡೆದವಳಂತೂ ಬಾಗಿಲೇ ತೆಗೆಯಲಿಲ್ಲ. ಒಳಗಿಂದ, "ಒಂದು ತೊಟ್ಟೂ ಇಲ್ಲ!" ಎಂದು ಎರಡು ಸಲ ಕೂಗಿದಳು.

ಬೀದಿಯ ಕೊನೆಗೆ ಉಳಿದದ್ದು ಕ್ಷೌರದಂಗಡಿ. ದೆಚಾಂಗ್ ಹೊಸಲಿನ ಹೊರಗೆ ನಿಂತ. ಒಳಗೆ ಕುವಾಂಗ್ ಕತ್ತಿ ಮಸೆಯುತ್ತಿದ್ದ.

"ಹುಡುಗಿಗೋಸ್ಕರ ಬಂದೆ ಕಣೋ. ನನಗೋಸ್ಕರ ಅಲ್ಲ. ನಿನ್ನ ನಲವತ್ತು ವರ್ಷದ ನೀರೇ ಆಗ್ಲಿ, ಒಂದು ಬಟ್ಟಲು ಕೊಡು."

"ನಮ್ಮ ನೀರು ಕೊಟ್ರೆ ಅದು ಕುವಾಂಗರ ನೀರಾಯ್ತಲ್ಲ ಅಣ್ಣಾ. ತೌರಿನ ನೀರು ಹ್ಯಾಗಾಗತ್ತೆ? ಅವಳತ್ತೆ ನಾಲಿಗೆ ಸಾಮಾನ್ಯದ್ದಲ್ಲ, ಒಂದು ಗುಟುಕಿಗೆ ಕಂಡುಹಿಡೀತಾಳೆ."

"ಹಾಗಾದ್ರೆ ನಾನೇನು ಹೊಳೆಗೆ ಬೀಳ್ಲಾ?"

ಕುವಾಂಗ್ ಉತ್ತರ ಕೊಡುವುದರೊಳಗೆ ಒಳಮನೆಯಿಂದ ಅವನ ಹೆಂಡತಿಯ ದನಿ ಬಂತು. ಬೀದಿಯ ಆ ತುದಿಗೂ ಕೇಳುವ ದನಿ. "ಸಾಕು ನಿಮ್ಮ ಬಡಾಯಿ! ಹೇಳ್ರೀ ನಿಜ! ತಲೆಗೆ ಹಚ್ಚೋ ಎಣ್ಣೆ ಕೈಯಲ್ಲೇ ಜಾಡಿಗೆ ಕೈ ಹಾಕಿ ನಿಮ್ಮಮ್ಮ ಇಟ್ಟ ನೀರನ್ನ ಕೊಂದೋರು ಯಾರು? ಮೂರು ದಿನ ಇಡೀ ಮನೆ ಗಿರಾಕಿ ತಲೆ ಥರ ನಾರ್ತಿತ್ತು! ಅಂಗಿಯೊಳಗೆ ಮುಚ್ಕೊಂಡು ಜಿಂಗ್‌ಶೂ ಅಕ್ಕನ ಹತ್ರ ಹೋಗಿ ನೀರು ತಂದೋಳು ನಾನು! ನಮ್ಮ ಜಾಡೀಲಿರೋದು ಪೂರ್ತಿ ಅವರ ನೀರೇ!"

ಕುವಾಂಗನ ಕೈಯಲ್ಲಿ ಕತ್ತಿ ನಿಂತಿತು. ನಲವತ್ತು ವರ್ಷ ಒಂದೇ ಉಸಿರಿಗೆ ಕುಸಿದುಬಿದ್ದಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಂಥ ಗಳಿಗೆಯಲ್ಲಿ ಗಂಡಸರು ಹವಾಮಾನದ ಬಗ್ಗೆ ಮಾತಾಡುವುದು ವಾಡಿಕೆ.

"ಮಂಜು ಜಾಸ್ತಿ ಈ ಸಲ," ಎಂದ ಕುವಾಂಗ್.

"ಜಾಸ್ತೀನೇ," ಎಂದ ದೆಚಾಂಗ್.

"ಕೊಡ್ತೀನಿ. ಆದ್ರೆ ಒಂದು ಷರತ್ತು. ಸಂಜೆ ಚಹಾದಂಗಡೀಲಿ, ಎಲ್ರ ಮುಂದೆ, ನಿಜ ಹೇಳ್ಬೇಕು."

"ಇಬ್ಬರೂ ಹೇಳೋಣ."

"ಮೊದಲು ನೀವು, ಅಣ್ಣಾ."

ಸಂಜೆ ಬಿದಿರು ಕುರ್ಚಿಗಳು ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ದೆಚಾಂಗ್ ಎದ್ದ. ತಪ್ಪೊಪ್ಪಿಕೊಳ್ಳುವವನ ದನಿಯಲ್ಲಲ್ಲ, ಮೊಕದ್ದಮೆ ಹೂಡುವವನ ದನಿಯಲ್ಲಿ ಹೇಳಿದ: "ಜಾಡಿ ನನ್ನ ಹೆಂಡತೀದು! ಸಹಕಾರಿ ಅಂಗಡೀದು! ನೀರು ನಮ್ಮತ್ತೇದು! ಎಷ್ಟು ವರ್ಷದ್ದೋ ನಂಗೊತ್ತಿಲ್ಲ! ನಮ್ಮ ಮೂಲಪುರುಷ ಏನು ಹೊತ್ಕೊಂಡು ಬಂದ್ನೋ ಅದೂ ಗೊತ್ತಿಲ್ಲ! ಬೀದಿ ಬೀದಿಗೆ ನೀರು ಹಂಚಿದೋಳು ಅವಳು! ನಾನು ಈವರೆಗೆ ಆ ಜಾಡಿಗೆ ಮಾಡಿದ್ದು ತಿನ್ನೋದೊಂದೇ! ಈಗ ಎಲ್ರಿಗೂ ತೃಪ್ತಿ ಆಯ್ತಾ?"

ಎಲ್ಲರಿಗೂ ಬಹಳ ತೃಪ್ತಿಯಾಯಿತು. ಆಮೇಲೆ ಕುವಾಂಗ್ ಎಣ್ಣೆ ಕೈಯ ಕಥೆ ಹೇಳಿದಾಗ ಇನ್ನೂ ಹೆಚ್ಚು ತೃಪ್ತಿಯಾಯಿತು. ಕಿವಿ ಗುಗ್ಗೆಯವನು ಆ ಸಂಜೆ ಯಾರ ಕಿವಿಗೂ ಕೈ ಹಾಕಲಿಲ್ಲ. ಎಲ್ಲರಿಗೂ ಎಲ್ಲವೂ ಚೆನ್ನಾಗಿ ಕೇಳಿಸುತ್ತಿತ್ತು.

ಮದುವೆಯ ಬೆಳಿಗ್ಗೆ ಕುವಾಂಗನೇ ನೀರು ತಂದ. ಎರಡು ಬಟ್ಟಲು: ಒಂದು ಹಾನ್‌ಮೇಗೆ, ಒಂದು ಜಿಂಗ್‌ಶೂ ಕೊಂಡಿದ್ದ ಹೊಸ ಜಾಡಿಗೆ. "ಅತ್ತಿಗೆ, ನಿಮ್ಮದು ನಿಮಗೆ," ಎಂದ. ದೆಚಾಂಗನ ಕಡೆ ತಿರುಗಿ, "ಏನ್ಮಾಡೋದು ಅಣ್ಣಾ, ನಿಮ್ಮೋರ ಜಾಡಿ ಹಿಡ್ಕೊಂಡು ನಿಲ್ಲೋದು ನಮ್ಮ ವಂಶದ ಕಸುಬು ತಾನೇ?" ಎಂದ. ಹಾನ್‌ಮೇ ಕೆಂಪು ಬಟ್ಟೆ ಮುಚ್ಚಿದ ಬಟ್ಟಲನ್ನು ಎದೆಗೊತ್ತಿಕೊಂಡು ದೋಣಿಯಲ್ಲೇ ಹೊಳೆ ದಾಟಿದಳು. ಅವಳ ಅತ್ತೆ ಬೆರಳದ್ದಿ ಚಪ್ಪರಿಸಿ, ಬಹಳ ಹೊತ್ತು ಯೋಚಿಸಿ, ಕೊನೆಗೆ "ಪರವಾಗಿಲ್ಲ" ಎಂದಳಂತೆ. ಆಚೆ ದಡದಲ್ಲಿ ಆಕೆ ಯಾರನ್ನಾದರೂ ಅಷ್ಟು ಹೊಗಳಿದ್ದನ್ನು ಯಾರೂ ಕೇಳಿರಲಿಲ್ಲ.

ವಸಂತದ ಹಬ್ಬ ಕಳೆದು ಒಂದು ಬೆಳಿಗ್ಗೆ ಹೊಸ ಜಾಡಿ ಮೊದಲ ಸಲ ಗುಳುಂ ಎಂದಿತು. ಜಿಂಗ್‌ಶೂ ಮುಚ್ಚಳ ತೆಗೆದು ಒಂದು ಮೂಲಂಗಿ ಎತ್ತಿ, ಹೆಚ್ಚಿ, ಪುಟ್ಟ ತಟ್ಟೆಯಲ್ಲಿಟ್ಟಳು. ಇಷ್ಟು ದಿನ ಬರಿ ಗಂಜಿ ಕುಡಿದು ಕುಡಿದು ನಾಲಿಗೆ ಸತ್ತುಹೋಗಿದ್ದ ದೆಚಾಂಗ್ ಬಟ್ಟಲು ಹಿಡಿದು ಕೂತ. ಅಷ್ಟರಲ್ಲಿ ಬಾಗಿಲಲ್ಲಿ ಮೌ ಸಾಹೇಬರ ತೊಗಲಿನ ಚೀಲ ಕಾಣಿಸಿತು. ಚೀಲದ ಹಿಂದೆ ಮೌ. ಮುಖ ಬಾಡಿತ್ತು.

"ತಾಯಿ, ತುಂಬಾ ಕಷ್ಟ ಆಗಿದೆ. ಗಾಜಿನ ಪೆಟ್ಟಿಗೆ ಒಳಗಿಟ್ರೂ ವಾಸನೆ ನಿಲ್ತಿಲ್ಲ. ನೋಡೋಕೆ ಬಂದ ಶಾಲೆ ಮಕ್ಕಳು ವಾಂತಿ ಮಾಡ್ಕೊಂಡ್ರು. ಪಕ್ಕದ ಜಿಲ್ಲೆಯೋರು ನಗ್ತಿದಾರೆ. ಒಂದೇ ಒಂದು ಬಟ್ಟಲು ಜೀವ ಇರೋ ನೀರು ಕೊಟ್ರೆ ಜಾಡಿ ಮತ್ತೆ ಚೇತರಿಸ್ಕೊಳ್ಳತ್ತೆ."

"ಆಹಾ! ನೀವು ಕೊಂದಿದ್ದನ್ನ ನಾವು ಬದುಕಿಸ್ಬೇಕಾ?" ಎಂದು ದೆಚಾಂಗ್ ಎದ್ದ. "ನನ್ನ ಮುಖದ ಮೇಲೆ ಇಳಿದಿದ್ದು ಮರೆತ್ರಾ? ಮೂರು ಸಲ ತಲೆ ತೊಳೆದ್ರೂ ಹಂದಿಗಳು ದೋಣಿ ಹತ್ತೋಕೆ ಒಪ್ಲಿಲ್ಲ ಸ್ವಾಮಿ!"

"ಮೂಲಪುರುಷರ ಪ್ರತಿಮೆ ಮಾಡಿಸ್ಬೇಕು ಅಂತಿದಾರೆ," ಎಂದ ಮೌ ಮೆಲ್ಲಗೆ. "ಕಲ್ಲಿಂದು. ದೋಣಿಕಟ್ಟೆ ಹತ್ರಾನೇ. ಮುಖ ನಿಮ್ಮದೇ ಇರುತ್ತೆ."

ದೆಚಾಂಗ್ ಹೊಳೆಯ ಕಡೆ ನೋಡಿದ. ಕತ್ತನ್ನು ಒಂದಿಷ್ಟು ನೆಟ್ಟಗೆ ಮಾಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಅಲ್ಲಾ... ಸರ್ಕಾರ ಬಾಗಿಲಿಗೆ ಬಂದು ಕೇಳ್ತಿದೆ," ಎಂದ. "ಒಂದು ಬಟ್ಟಲು ತಾನೇ?"

ಜಿಂಗ್‌ಶೂ ಹೂಜಿಯಿಂದ ಜಾಡಿಯ ಕಾಲುವೆಗೆ ನೀರು ಹೊಯ್ಯುತ್ತಿದ್ದಳು. ಪೂರ್ತಿ ಸುತ್ತು ತುಂಬುವವರೆಗೂ ಹೊಯ್ದಳು. ಹೂಜಿ ಕೆಳಗಿಟ್ಟು ಅಂಗಿಯಂಚಿಗೆ ಕೈ ಒರೆಸಿಕೊಂಡಳು. ಒಲೆಯ ದೇವರ ಹೊಸ ಚಿತ್ರ ಗೋಡೆಯಿಂದ ಕಿವಿಗೊಟ್ಟು ಕೇಳುತ್ತಿತ್ತು.

"ಕೊಡೋಲ್ಲ," ಎಂದಳು.

ಮೌ ಕಾದ. ಕೊನೆಗೆ ಚೀಲ ಎತ್ತಿಕೊಂಡು ಅವನು ಹೊರಟುಹೋದ ಮೇಲೆ ದೆಚಾಂಗ್ ಗಂಟಲು ಸರಿಮಾಡಿಕೊಂಡು ಗಂಜಿಯ ಬಟ್ಟಲನ್ನು ಮೂಲಂಗಿಯ ತಟ್ಟೆಯ ಕಡೆಗೆ ಚಾಚಿದ.

"ಹೋಗ್ಲಿ ಬಿಡು, ಅವನಿಗೆ ಕೊಡ್ಬೇಡ. ನನಗೆ ಒಂದು ಚೂರು..."

ಜಿಂಗ್‌ಶೂ ತಟ್ಟೆಯನ್ನು ಎತ್ತಿ ಕಪಾಟಿನೊಳಗಿಟ್ಟು ಬಾಗಿಲು ಹಾಕಿದಳು.

"ನಿಮಗೂ ಕೊಡೋಲ್ಲ."